ಮನೆಯ ನಾಯಿ, ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ: ಏಕೆ, ಯಾವಾಗ, ಆಮೇಲಿನ ಆರೈಕೆ ಹೇಗೆ

ನಮ್ಮ ಮನೆಯ ಕೆಂಪಿ ಎಂಬ ನಾಟಿ ನಾಯಿ ತನ್ನ ಏಳನೆಯ ವರ್ಷದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ನೀರಿನ ಬಟ್ಟಲನ್ನು ಮತ್ತೆ ಮತ್ತೆ ಖಾಲಿ ಮಾಡತೊಡಗಿತು. ಬೇಸಿಗೆಯ ದಿನಗಳಾದ್ದರಿಂದ ನಾವು ಅದನ್ನು ದೊಡ್ಡದಾಗಿ ಎಣಿಸಲಿಲ್ಲ. ಮೂರನೆಯ ದಿನ ಅದು ಮೊಸರನ್ನವನ್ನು ಮೂಸಿ ನೋಡಿ ಹಾಗೆಯೇ ಬಿಟ್ಟಿತು. ಹಿಂಭಾಗವನ್ನು ಬಿಡದೆ ನೆಕ್ಕಿಕೊಳ್ಳುತ್ತಿತ್ತು. ಮಲಗುವ ಗೋಣಿಚೀಲದ ಮೇಲೆ ಕಂದು ಬಣ್ಣದ ಕಲೆಯೊಂದು ಮೂಡಿತ್ತು. ಬೆದೆ ಮುಗಿದು ಆರು ವಾರವಾಗಿದೆಯೆಂದು ಹೇಳಿದೊಡನೆ ಪಶುವೈದ್ಯರು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ಗರ್ಭಕೋಶದ ತುಂಬ ಕೀವು ತುಂಬಿತ್ತು. ಅಂದು ರಾತ್ರಿಯೇ ಆಪರೇಷನ್ ಆಯಿತು. ಪೆನ್ಸಿಲ್‌ನಷ್ಟು ತೆಳ್ಳಗಿರಬೇಕಾದ ಗರ್ಭಕೋಶದ ಎರಡು ಕವಲುಗಳು ಸ್ಟೀಲ್ ಟ್ರೇಯಲ್ಲಿ ನೇಂದ್ರ ಬಾಳೆಹಣ್ಣಿನಷ್ಟು ದಪ್ಪಗೆ ಬಿದ್ದಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಂಪಿ ಬದುಕಿತು. ಆದರೆ ಅದಕ್ಕಾಗಿ ನಾಲ್ಕು ದಿನ ಡ್ರಿಪ್ ಹಾಕಿಸಿಕೊಂಡು, ನಿಲ್ಲಲಾರದೆ ನಿಂತು, ಬಹಳ ನರಳಿತು. ಅದೇ ಗರ್ಭಕೋಶವನ್ನು ಅದು ಆರೋಗ್ಯವಾಗಿದ್ದಾಗ, ಮೊದಲ ವರ್ಷದಲ್ಲೋ ಎರಡನೆಯ ವರ್ಷದಲ್ಲೋ ತೆಗೆಸಿದ್ದರೆ ಬೆಳಿಗ್ಗೆ ಕರೆದೊಯ್ದು ಸಂಜೆ ಮನೆಗೆ ಕರೆತರಬಹುದಾಗಿತ್ತು. ನಾವು ಬೇಡವೆಂದವರಲ್ಲ, ಮುಂದಿನ ಬೆದೆ ಕಳೆಯಲಿ, ಮಳೆಗಾಲ ಮುಗಿಯಲಿ ಎನ್ನುತ್ತ ಮುಂದೂಡಿದವರು. ಇದೊಂದು ತಪ್ಪು ಬೇರೆ ಮನೆಗಳಲ್ಲಿ ಆಗದಿರಲೆಂದು, ಆಪರೇಷನ್ನಿನ ದಿನ ಗೊತ್ತುಮಾಡುವುದರಿಂದ ಹಿಡಿದು ಹೊಲಿಗೆ ಬಿಚ್ಚಿಸುವವರೆಗಿನ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಇದು ಯಾವ ಶಸ್ತ್ರಚಿಕಿತ್ಸೆ

ಸಂತಾನಹರಣ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಮನುಷ್ಯರಿಗೆ ಮಾಡುವ ಕುಟುಂಬ ಯೋಜನೆಯ ಆಪರೇಷನ್. ಅಲ್ಲಿ ನಾಳಗಳನ್ನು ಮಾತ್ರ ಕತ್ತರಿಸಿ ಕಟ್ಟುತ್ತಾರೆ. ಅಂಡಾಶಯ, ವೃಷಣಗಳು ಇದ್ದಲ್ಲಿಯೇ ಇದ್ದು ಹಾರ್ಮೋನು ಸ್ರವಿಸುತ್ತಲೇ ಇರುತ್ತವೆ. ನಾಯಿ, ಬೆಕ್ಕುಗಳಲ್ಲಿ ಹಾಗಲ್ಲ. ಹೆಣ್ಣಿಗೆ ಹೊಟ್ಟೆಯಲ್ಲಿ ಸಣ್ಣದೊಂದು ಗಾಯ ಮಾಡಿ ಎರಡೂ ಅಂಡಾಶಯಗಳನ್ನೂ ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆಯುತ್ತಾರೆ. ಗಂಡಿಗೆ ಎರಡೂ ವೃಷಣಗಳನ್ನು ತೆಗೆಯುತ್ತಾರೆ. ಮರಿಯಾಗುವುದು ನಿಲ್ಲುವುದರ ಜೊತೆಗೆ ಬೆದೆಯೂ ನಿಲ್ಲುತ್ತದೆ, ಲೈಂಗಿಕ ಹಾರ್ಮೋನುಗಳಿಂದ ಹುಟ್ಟುವ ಕಾಯಿಲೆಗಳಿಗೂ ತಡೆ ಬೀಳುತ್ತದೆ. ಮುಂದೆ ಹೇಳಲಿರುವ ಹೆಚ್ಚಿನ ಲಾಭಗಳಿಗೆ ಮೂಲವಿರುವುದು ಇಲ್ಲಿಯೇ. ಹೋರಿಗೆ ಬೀಜ ಒಡೆಸುವುದನ್ನು ನೋಡಿ ಬೆಳೆದ ರೈತರ ಮನೆಯವರಿಗೆ ಇದರ ಅರ್ಥ ಬೇಗ ಆಗುತ್ತದೆ. ಆದರೆ ಇಲ್ಲಿ ಪೂರ್ಣ ಅರಿವಳಿಕೆ ಕೊಟ್ಟು, ಪ್ರಾಣಿಗೆ ನೋವೇ ತಿಳಿಯದಂತೆ ಕೆಲಸ ಮಾಡುತ್ತಾರೆ.

ಹೆಣ್ಣು ನಾಯಿಗೆ ಆಗುವ ಒಳಿತು

ಗರ್ಭಕೋಶದ ಕೀವನ್ನೇ ಮೊದಲು ಹೇಳಬೇಕು. ಬೆದೆಯ ನಂತರ ಹೆಣ್ಣು ನಾಯಿಯ ಮೈಯಲ್ಲಿ, ಗರ್ಭ ನಿಂತಿರಲಿ ನಿಲ್ಲದಿರಲಿ, ಸುಮಾರು ಎರಡು ತಿಂಗಳು ಪ್ರೊಜೆಸ್ಟೆರಾನ್ ಹಾರ್ಮೋನು ಹೆಚ್ಚಾಗಿಯೇ ಇರುತ್ತದೆ. ಅದು ಗರ್ಭಕೋಶದ ಒಳಪದರವನ್ನು ದಪ್ಪಗೊಳಿಸಿ, ಬಾಯಿಯನ್ನು ಬಿಗಿದು, ಒಳಗೆ ಸೇರಿದ ಬ್ಯಾಕ್ಟೀರಿಯಾಕ್ಕೆ ಹುಲುಸಾದ ನೆಲೆ ಮಾಡಿಕೊಡುತ್ತದೆ. ಪ್ರತಿ ಬೆದೆಯೂ ಹೀಗೆಯೇ ಕಳೆಯುವುದರಿಂದ ವಯಸ್ಸಾದಂತೆ ಅಪಾಯ ಏರುತ್ತದೆ. ಆಪರೇಷನ್ ಆಗದ ಹೆಣ್ಣು ನಾಯಿಗಳಲ್ಲಿ ಹತ್ತು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ ಈ ಕಾಯಿಲೆ ಬಂದಿದ್ದುದು ಸ್ವೀಡನ್ನಿನ ಸಾಕುಪ್ರಾಣಿ ವಿಮೆಯ ದಾಖಲೆಗಳಲ್ಲಿ ಕಂಡುಬಂದಿದೆ. ಕೀವು ಹೊರಗೆ ಸೋರಿದರೆ ನಮ್ಮ ಕಣ್ಣಿಗಾದರೂ ಬೀಳುತ್ತದೆ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಹೊರಗೆ ಯಾವ ಗುರುತೂ ಇಲ್ಲದೆ ನಂಜು ರಕ್ತಕ್ಕೆ ಏರುತ್ತದೆ. ಬೆದೆ ಮುಗಿದು ಒಂದೆರಡು ತಿಂಗಳೊಳಗೆ ಹೆಣ್ಣು ನಾಯಿ ಅತಿಯಾಗಿ ನೀರು ಕುಡಿದು, ಅತಿಯಾಗಿ ಮೂತ್ರ ಮಾಡಿ, ಊಟ ಬಿಟ್ಟರೆ ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು.

ಎರಡನೆಯದು ಮೊಲೆಯ ಗಂಟು. ಹೆಣ್ಣು ನಾಯಿಗಳ ಮೊಲೆಯಲ್ಲಿ ಏಳುವ ಗೆಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ. ಮೊದಲ ಬೆದೆಗೆ ಮುನ್ನವೇ ಆಪರೇಷನ್ ಆದ ನಾಯಿಗಳಲ್ಲಿ ಈ ಅಪಾಯ, ಆಪರೇಷನ್ ಆಗದ ನಾಯಿಗಳಿಗಿರುವ ಅಪಾಯದ ಶೇಕಡಾ 0.5ರಷ್ಟು ಮಾತ್ರ, ಒಂದು ಬೆದೆಯ ನಂತರವಾದರೆ ಶೇಕಡಾ 8, ಎರಡರ ನಂತರವಾದರೆ ಶೇಕಡಾ 26 ಎಂದು ಅಮೆರಿಕದಲ್ಲಿ 1969ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಆ ಲೆಕ್ಕಕ್ಕೆ ಆಧಾರ ಅಷ್ಟು ಗಟ್ಟಿಯಿಲ್ಲವೆಂದು 2012ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒರೆಗೆ ಹಚ್ಚಿದ ವಿಮರ್ಶೆಯೊಂದು ಹೇಳಿದೆ. ಆದ್ದರಿಂದ ಆ ಅಂಕಿಗಳನ್ನು ಅಕ್ಷರಶಃ ಹಿಡಿಯದೆ, ಬೇಗ ಮಾಡಿಸಿದಷ್ಟೂ ರಕ್ಷಣೆ ಹೆಚ್ಚು ಎಂಬ ದಿಕ್ಕನ್ನು ಮಾತ್ರ ನಂಬುವುದು ಸರಿಯೆಂದು ನನ್ನ ತೀರ್ಮಾನ.

ನಮ್ಮ ಬೀದಿಗಳಿಗೆ ಸಂಬಂಧಿಸಿದ ಇನ್ನೊಂದು ಕಾಯಿಲೆಯಿದೆ. ಕೂಡುವಿಕೆಯ ಮೂಲಕ ಒಂದು ನಾಯಿಯಿಂದ ಇನ್ನೊಂದಕ್ಕೆ ಕ್ಯಾನ್ಸರ್ ಕೋಶಗಳೇ ದಾಟಿ ಬೆಳೆಯುವ, ಹೂಕೋಸಿನಂತೆ ಕಾಣುವ, ರಕ್ತ ಒಸರುವ ಜನನಾಂಗದ ಗೆಡ್ಡೆ ಅದು. ಭಾರತದ ನಾಯಿಗಳಲ್ಲಿ ಇದು ಅಪರೂಪವಲ್ಲ. ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಡಿಸಿದರೆ ಬಹುತೇಕ ವಾಸಿಯಾಗುತ್ತದೆ, ಆದರೆ ಕೂಡುವ ಹಂಬಲವೇ ಇಲ್ಲದ ನಾಯಿಗೆ ಅದು ತಗಲುವ ಸಂದರ್ಭವೇ ಬಹಳ ಕಡಿಮೆ.

ಬೆದೆ ಬಾರದಂತೆ ತಡೆಯಲು ಇಂಜೆಕ್ಷನ್ ಕೊಡಿಸುವ ರೂಢಿ ಕೆಲವೆಡೆ ಇದೆ. ಆಪರೇಷನ್ನಿಗಿಂತ ಅಗ್ಗವೆಂದೂ ಸುಲಭವೆಂದೂ ಅದನ್ನು ನಂಬುತ್ತಾರೆ. ಅದರಲ್ಲಿರುವುದು ಸಾಮಾನ್ಯವಾಗಿ ಪ್ರೊಜೆಸ್ಟೆರಾನ್ ಜಾತಿಯ ಔಷಧ. ಗರ್ಭಕೋಶದ ಕೀವನ್ನೂ ಮೊಲೆಯ ಗೆಡ್ಡೆಯನ್ನೂ ಕರೆತರುವುದು ಆ ಜಾತಿಯ ಹಾರ್ಮೋನೇ. ದಯವಿಟ್ಟು ಅದನ್ನು ಕೊಡಿಸಬೇಡಿ.

ಗಂಡು ನಾಯಿ

ಗಂಡಿನ ಪಟ್ಟಿ ಚಿಕ್ಕದು. ವೃಷಣದ ಗೆಡ್ಡೆ ಬರುವ ಪ್ರಶ್ನೆಯಿಲ್ಲ. ವಯಸ್ಸಾದ ಗಂಡು ನಾಯಿಗಳಲ್ಲಿ ಪ್ರೊಸ್ಟೇಟ್ ಗ್ರಂಥಿ ಊದಿ ಮಲ, ಮೂತ್ರ ಕಷ್ಟವಾಗುವುದು ತಪ್ಪುತ್ತದೆ. ಒಂದು ವೃಷಣ ಚೀಲಕ್ಕಿಳಿಯದೆ ಹೊಟ್ಟೆಯಲ್ಲಿಯೇ ಉಳಿದಿದ್ದರೆ ಅದು ಕ್ಯಾನ್ಸರ್ ಆಗುವ ಸಂಭವ ಹಲವು ಪಟ್ಟು ಹೆಚ್ಚಿರುವುದರಿಂದ ಅಂಥ ನಾಯಿಗೆ ಆಪರೇಷನ್ ತಪ್ಪಿಸಲೇಬಾರದು. ಬೀದಿಯಲ್ಲಿ ಹೆಣ್ಣು ಬೆದೆಗೆ ಬಂದಾಗ ಕಾಂಪೌಂಡ್ ಹಾರಿ ಹೋಗುವುದು, ಜಗಳದಲ್ಲಿ ಕಿವಿ ಹರಿದುಕೊಂಡು ಬರುವುದು, ಗಾಡಿಗೆ ಸಿಕ್ಕುವುದು ಕಡಿಮೆಯಾಗುತ್ತವೆ. ಆದರೆ ಹೆದರಿಕೆಯಿಂದ ಕಚ್ಚುವ ನಾಯಿ ಇದರಿಂದ ಸಾಧುವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ; ಅದಕ್ಕೆ ಬೇಕಾದುದು ತಾಳ್ಮೆಯ ತರಬೇತಿ. ಹಾಗೆಯೇ ಆಪರೇಷನ್ ಆದ ನಾಯಿ ಮನೆ ಕಾಯುವುದಿಲ್ಲ ಎಂಬ ಮಾತೂ ನಿಜವಲ್ಲ. ಕೆಂಪಿ ತನ್ನ ಕೊನೆಯ ವರ್ಷದವರೆಗೂ ಗೇಟಿನ ಚಿಲಕದ ಸದ್ದಿಗೆ ಮೊದಲು ಎದ್ದು ನಿಲ್ಲುತ್ತಿತ್ತು.

ಬೆಕ್ಕಿನಲ್ಲಿ ತಡಮಾಡಲೇಬಾರದು

ಬೆಕ್ಕಿನ ವಿಷಯದಲ್ಲಿ ನಮ್ಮ ಲೆಕ್ಕವೇ ತಪ್ಪುವುದುಂಟು. ಇನ್ನೂ ಮರಿ ಎಂದುಕೊಂಡಿರುವ ನಾಲ್ಕು ತಿಂಗಳ ಹೆಣ್ಣು ಬೆಕ್ಕು ಗಬ್ಬವಾಗಬಲ್ಲದು. ಗಬ್ಬದ ಅವಧಿ ಸುಮಾರು ಒಂಬತ್ತು ವಾರ. ಈದು ಹಾಲೂಡುತ್ತಿರುವಾಗಲೇ ಮತ್ತೆ ಬೆದೆಗೆ ಬರಬಲ್ಲದು. ಬೆಳಕಿನ ಅವಧಿ ಕುಗ್ಗುವ ಶೀತ ದೇಶಗಳಲ್ಲಿ ಚಳಿಗಾಲದಲ್ಲಿ ಬೆಕ್ಕುಗಳ ಬೆದೆ ನಿಲ್ಲುತ್ತದೆ. ನಮ್ಮಲ್ಲಿ ಹಗಲು ಅಷ್ಟು ಕುಗ್ಗದಿರುವುದರಿಂದ ವರ್ಷವಿಡೀ ಮರಿ ಹಾಕಬಲ್ಲವು. ಕೂಡದೆ ಉಳಿದ ಬೆಕ್ಕಿಗೆ ಎರಡು ಮೂರು ವಾರಕ್ಕೊಮ್ಮೆ ಬೆದೆ ಮರುಕಳಿಸುತ್ತದೆ. ರಾತ್ರಿಯಿಡೀ ಮಗು ಅತ್ತಂತೆ ಕೂಗುತ್ತ, ನೆಲಕ್ಕೆ ಮೈ ಉಜ್ಜುತ್ತ ಹೊರಳಾಡುವ ಬೆಕ್ಕನ್ನು ಹೊಟ್ಟೆನೋವಿನಿಂದ ಒದ್ದಾಡುತ್ತಿದೆಯೆಂದು ತಿಳಿದು ಆಸ್ಪತ್ರೆಗೆ ಎತ್ತಿಕೊಂಡು ಬರುವವರನ್ನು ನೋಡಿದ್ದೇನೆ.

ಬೆಕ್ಕಿನ ಮೊಲೆಯ ಗೆಡ್ಡೆ ನಾಯಿಯದಕ್ಕಿಂತ ಕ್ರೂರ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಕ್ಯಾನ್ಸರ್ ಆಗಿರುತ್ತವೆ. ಆರು ತಿಂಗಳೊಳಗೆ ಆಪರೇಷನ್ ಆದ ಬೆಕ್ಕುಗಳಲ್ಲಿ ಆ ಅಪಾಯ ಶೇಕಡಾ 90ರಷ್ಟು ಇಳಿದಿದ್ದುದು 2005ರ ಅಧ್ಯಯನವೊಂದರಲ್ಲಿ ಕಂಡಿದೆ. ಗಂಡು ಬೆಕ್ಕಿನಲ್ಲಿ ಗೋಡೆ, ಸೋಫಾ, ಬಟ್ಟೆಯ ಮೇಲೆ ಕಟುವಾಸನೆಯ ಮೂತ್ರ ಚಿಮ್ಮಿಸುವ ಅಭ್ಯಾಸ ಬಹುಪಾಲು ನಿಲ್ಲುತ್ತದೆ. ಗಂಡುಗಳು ಕಾದಾಡಿ ಆಳವಾಗಿ ಕಚ್ಚಿಕೊಂಡಾಗ ಹರಡುವ, ಮನುಷ್ಯರ ಏಡ್ಸನ್ನು ಹೋಲುವ ವೈರಸ್ ಕಾಯಿಲೆಯೊಂದಿದೆ. ಜಗಳ ತಗ್ಗಿದರೆ ಅದಕ್ಕೂ ತಡೆ.

ಮರಿಗಳ ಮಾತು

ಹುಟ್ಟಿದ ಮರಿಗಳಿಗೆ ಮನೆ ಹುಡುಕಿ ಸುಸ್ತಾದವರಿಗೆ ಈ ಭಾಗ ಓದಬೇಕಾಗಿಲ್ಲ. ಗಂಡು ಮರಿಗಳನ್ನು ಕೇಳಿ ಪಡೆಯುವವರು ಹೆಣ್ಣು ಮರಿಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಉಳಿದ ಹೆಣ್ಣು ಮರಿಗಳು ರಟ್ಟಿನ ಪೆಟ್ಟಿಗೆಯಲ್ಲೋ ಸಿಮೆಂಟ್ ಚೀಲದಲ್ಲೋ ಮೀನು ಮಾರುಕಟ್ಟೆಯ ಪಕ್ಕ, ದೇವಸ್ಥಾನದ ಹಿಂದೆ, ಬೈಪಾಸ್ ರಸ್ತೆಯ ಅಂಚಿನಲ್ಲಿ ಬೀಳುತ್ತವೆ. ಬದುಕುಳಿದವು ಮುಂದಿನ ವರ್ಷ ಅದೇ ಬೀದಿಯಲ್ಲಿ ಮರಿ ಹಾಕುತ್ತವೆ. ಬೀದಿನಾಯಿಗಳ ಸಂಖ್ಯೆಯ ಬಗ್ಗೆ ದೂರುವ ನಾವು, ಆ ಸಂಖ್ಯೆಗೆ ನಮ್ಮ ಮನೆಗಳಿಂದಲೂ ಮರಿಗಳು ಸೇರುತ್ತಿವೆ ಎಂಬುದನ್ನು ಒಪ್ಪಿಕೊಳ್ಳಬೇಕು. ಕೇಂದ್ರ ಸರ್ಕಾರದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಾಕುಪ್ರಾಣಿಯ ಜಂತುನಾಶಕ, ಲಸಿಕೆ, ಸಂತಾನಹರಣಗಳ ಹೊಣೆಯನ್ನು ಸಾಕುವವರ ಮೇಲೆಯೇ ಹಾಕಿವೆ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಒಂದು ಸೂಲಾದರೂ ಆಗಲಿ, ತಾಯ್ತನದ ಸುಖ ಕಾಣಲಿ ಎಂದು ಹಿರಿಯರು ಹೇಳುವುದುಂಟು. ಅವರ ಕರುಳು ದೊಡ್ಡದು. ಆದರೆ ಒಂದು ಸೂಲು ಆದುದರಿಂದ ನಾಯಿಗಾಗಲಿ ಬೆಕ್ಕಿಗಾಗಲಿ ಆರೋಗ್ಯದ ಲಾಭ ಯಾವುದೂ ಇಲ್ಲ. ಕಾಯುತ್ತ ಕಳೆದ ಬೆದೆಗಳಿಂದ ನಷ್ಟವೇ ಇದೆ.

ಯಾವ ವಯಸ್ಸಿನಲ್ಲಿ

ಬೆಕ್ಕಿಗೆ, ಗಂಡಿರಲಿ ಹೆಣ್ಣಿರಲಿ, ನಾಲ್ಕರಿಂದ ಐದು ತಿಂಗಳು. ನಾಟಿ ನಾಯಿ ಮತ್ತು ಸಣ್ಣ ತಳಿಯ ನಾಯಿಗಳಿಗೆ ಸಾಮಾನ್ಯವಾಗಿ ಆರು ತಿಂಗಳ ಸುಮಾರಿಗೆ, ಇಲ್ಲವೇ ಮೊದಲ ಬೆದೆ ಕಳೆದು ಎರಡು ಮೂರು ತಿಂಗಳಿಗೆ.

ದೊಡ್ಡ ತಳಿಗಳಲ್ಲಿ ಮಾತ್ರ ಅವಸರ ಬೇಡ. ಮೂಳೆಯ ಬೆಳವಣಿಗೆ ನಿಲ್ಲಿಸುವ ಸೂಚನೆ ಕೊಡುವುದು ಲೈಂಗಿಕ ಹಾರ್ಮೋನುಗಳೇ ಆದ್ದರಿಂದ, ಅವನ್ನು ತೀರ ಬೇಗ ತೆಗೆದರೆ ಕಾಲಿನ ಮೂಳೆಗಳು ಹೆಚ್ಚು ಕಾಲ ಬೆಳೆಯುತ್ತವೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್ ಮುಂತಾದವುಗಳಲ್ಲಿ ವರ್ಷ ತುಂಬುವ ಮುನ್ನ ಆಪರೇಷನ್ ಆದರೆ ಸೊಂಟ, ಮೊಣಕಾಲಿನ ಕೀಲುಗಳ ತೊಂದರೆ ಹೆಚ್ಚುವುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಇವುಗಳಿಗೆ ಒಂದು ವರ್ಷ ಕಳೆಯಲಿ. ನಿಖರವಾದ ತಿಂಗಳನ್ನು ನಾಯಿಯನ್ನು ನೋಡಿದ ವೈದ್ಯರೊಡನೆ ಕುಳಿತು ನಿಶ್ಚಯಿಸಿ. ದೊಡ್ಡ ಗಾತ್ರದ ಕೆಲವು ಹೆಣ್ಣು ನಾಯಿಗಳಿಗೆ ಆಪರೇಷನ್ ಆದ ಕೆಲವು ವರ್ಷಗಳ ನಂತರ ನಿದ್ರೆಯಲ್ಲಿ ಮೂತ್ರ ಸೋರುವ ತೊಂದರೆ ಬರಬಹುದು. ಅದಕ್ಕೆ ಮಾತ್ರೆಗಳಿವೆ, ಆದರೆ ಮೊದಲೇ ತಿಳಿದಿರುವುದು ಒಳ್ಳೆಯದು.

ಬೆದೆಯಲ್ಲಿರುವಾಗ ರಕ್ತನಾಳಗಳು ಉಬ್ಬಿರುವುದರಿಂದ ರಕ್ತಸ್ರಾವ ಹೆಚ್ಚು. ಆಗ ಮಾಡಿಸದೆ, ಎರಡು ಮೂರು ತಿಂಗಳಿನ ನಂತರದ ದಿನವೊಂದನ್ನು ಕ್ಯಾಲೆಂಡರಿನಲ್ಲಿ ಅಂದೇ ಗುರುತು ಹಾಕಿ. ಸುಳ್ಳು ಗಬ್ಬವಾಗಿ ಮೊಲೆಯಲ್ಲಿ ಹಾಲು ಇಳಿದಿದ್ದರೆ ಅದು ಇಂಗುವವರೆಗೆ ಕಾಯಬೇಕು.

ಆಪರೇಷನ್ನಿಗೆ ಮುನ್ನ

ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ, ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರಿನಂಥ ಊರುಗಳಲ್ಲಿರುವ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ, ಖಾಸಗಿ ಕ್ಲಿನಿಕ್‌ಗಳಲ್ಲಿ ವಿಚಾರಿಸಿ. ಕಡಿಮೆ ದರ ಹೇಳಿದವರನ್ನು ಕಣ್ಣು ಮುಚ್ಚಿ ಒಪ್ಪುವ ಮೊದಲು ಕೆಲವು ಪ್ರಶ್ನೆ ಕೇಳಿ: ಯಾವ ಅರಿವಳಿಕೆ ಕೊಡುತ್ತೀರಿ, ಆ ಹೊತ್ತಿನಲ್ಲಿ ಉಸಿರು ಮತ್ತು ನಾಡಿ ನೋಡಿಕೊಳ್ಳಲು ಬೇರೊಬ್ಬರು ಇರುತ್ತಾರೆಯೇ, ನೋವಿಗೆ ಎಷ್ಟು ದಿನ ಔಷಧ, ರಾತ್ರಿ ತೊಂದರೆಯಾದರೆ ಯಾರನ್ನು ಕರೆಯಬೇಕು. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ.

ರಕ್ತ ಪರೀಕ್ಷೆಯ ಖರ್ಚನ್ನು ಉಳಿಸಲು ಹೋಗಬೇಡಿ. ನಮ್ಮಲ್ಲಿ ಉಣ್ಣೆ ಕಚ್ಚುವುದರಿಂದ ಬರುವ ಜ್ವರ ನಾಯಿಗಳಲ್ಲಿ ಬಹಳ ಸಾಮಾನ್ಯ. ಅದು ಹೊರಗೆ ಕಾಣದಂತೆ ಒಳಗೇ ಇದ್ದುಕೊಂಡು ರಕ್ತದ ಪ್ಲೇಟ್‌ಲೆಟ್‌ಗಳನ್ನು ಇಳಿಸಿರುತ್ತದೆ. ಚೆನ್ನಾಗಿ ಉಂಡು ಆಡಿಕೊಂಡಿರುವ ನಾಯಿಗೂ ಆಪರೇಷನ್ ಟೇಬಲ್ಲಿನ ಮೇಲೆ ರಕ್ತ ನಿಲ್ಲದೆ ಹೋಗಬಹುದು. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಮೊದಲು ಜ್ವರಕ್ಕೆ ಚಿಕಿತ್ಸೆ, ಆಮೇಲೆ ಆಪರೇಷನ್. ಲಸಿಕೆ ಮತ್ತು ಜಂತಿನ ಔಷಧಗಳು ಎರಡು ಮೂರು ವಾರ ಮುಂಚೆಯೇ ಮುಗಿದಿರಲಿ.

ಮುಧೋಳ ನಾಯಿ ಸಾಕಿದವರು ಒಂದು ಮಾತನ್ನು ಮರೆಯದೆ ವೈದ್ಯರಿಗೆ ನೆನಪಿಸಬೇಕು. ಓಟದ ನಾಯಿಗಳ ಮೈಯಲ್ಲಿ ಕೊಬ್ಬು ತೀರ ಕಡಿಮೆ. ಥಯೊಪೆಂಟಾಲ್‌ನಂಥ ಹಳೆಯ ಅರಿವಳಿಕೆ ಔಷಧಗಳಿಂದ ಇಂಥ ನಾಯಿಗಳು ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಬೇರೆ ಔಷಧಗಳನ್ನು ಆರಿಸಿಕೊಳ್ಳಬಹುದು.

ಬೆಳೆದ ನಾಯಿ, ಬೆಕ್ಕುಗಳಿಗೆ ಹಿಂದಿನ ರಾತ್ರಿಯ ಊಟದ ನಂತರ ಏನೂ ಕೊಡಬಾರದು, ಹಾಲು, ಬಿಸ್ಕತ್ತು ಕೂಡ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ನೀರನ್ನು ಬೆಳಿಗ್ಗೆಯವರೆಗೂ ಇಡಬಹುದು. ನಾಲ್ಕೈದು ತಿಂಗಳ ಮರಿಗಳನ್ನು ಮಾತ್ರ ರಾತ್ರಿಯಿಡೀ ಉಪವಾಸ ಕೆಡವಬಾರದು, ಸಕ್ಕರೆಯ ಅಂಶ ಇಳಿದುಬಿಡುತ್ತದೆ; ಎಷ್ಟು ಗಂಟೆ ಎಂದು ವೈದ್ಯರನ್ನೇ ಕೇಳಿ. ಬೆಕ್ಕನ್ನು ಚೀಲದಲ್ಲಿ ಕಟ್ಟಿ ಒಯ್ಯದೆ, ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿ ಮನೆಯ ಹಳೆಯ ಟವೆಲ್ ಹಾಸಿ ಒಯ್ಯಿರಿ.

ಮನೆಗೆ ಬಂದ ಮೇಲೆ

ಮೊದಲ ರಾತ್ರಿ ಅದು ತೂರಾಡುತ್ತದೆ, ನಡುಗುತ್ತದೆ, ಕೆಲವೊಮ್ಮೆ ಕುಂಯ್ಗುಟ್ಟುತ್ತದೆ. ಮಂಚ, ಮೆಟ್ಟಿಲು, ಮಹಡಿಯ ಅಂಚಿನಿಂದ ದೂರ, ನೆಲದ ಮೇಲೆ ದಪ್ಪ ಹಾಸಿಗೆ ಹಾಕಿ, ದೀಪ ಮಂದಗೊಳಿಸಿ ಮಲಗಿಸಿ. ಪೂರ್ಣ ಎಚ್ಚರವಾದ ಮೇಲೆ ಸ್ವಲ್ಪ ಸ್ವಲ್ಪ ನೀರು, ಆಮೇಲೆ ಎಂದಿನದರ ಅರ್ಧದಷ್ಟು ಊಟ. ಮಲಗುವ ಮುನ್ನ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣವಿದ್ದರೆ ನೆಮ್ಮದಿ. ಸುಣ್ಣದಂತೆ ಬಿಳಿಚಿದ್ದು ನಾಯಿ ಏಳದೆ ಬಿದ್ದುಕೊಂಡಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು, ಬೆಳಗಾಗುವವರೆಗೆ ಕಾಯಬಾರದು. ಒಸಡು ಕಪ್ಪಗಿರುವ ನಾಯಿಗಳಲ್ಲಿ ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನು ನೋಡಬೇಕು.

ಮನೆಯಲ್ಲಿರುವ ಮಾತ್ರೆ ಕೊಡುವ ಯೋಚನೆಯೇ ಬೇಡ. ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಐಬುಪ್ರೊಫೆನ್ ನಾಯಿಗೂ ಬೆಕ್ಕಿಗೂ ವಿಷ. ಹೊಲಿಗೆಯ ಮೇಲೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚುವುದೂ ಬೇಡ. ಅದರ ರುಚಿಗೆ ಪ್ರಾಣಿ ಇನ್ನಷ್ಟು ನೆಕ್ಕುತ್ತದೆ, ಗಾಯ ಕೆಂಪಾಗಿದೆಯೇ ಎಂದು ತಿಳಿಯುವುದೂ ಇಲ್ಲ.

ಗಾಯ ಕೆಡುವುದಕ್ಕೆ ದೊಡ್ಡ ಕಾರಣ ನಾಲಿಗೆ. ಕತ್ತಿಗೆ ಹಾಕುವ ಪ್ಲಾಸ್ಟಿಕ್ ಕೋನ್ ನೋಡಿ ಅಯ್ಯೋ ಪಾಪ ಎನಿಸಿ ರಾತ್ರಿ ತೆಗೆದುಬಿಡುವವರೇ ಹೆಚ್ಚು. ಬೆಳಿಗ್ಗೆ ಎದ್ದು ನೋಡಿದರೆ ಎರಡು ಹೊಲಿಗೆ ಕಿತ್ತಿರುತ್ತದೆ. ಕೋನ್ ತೀರ ಒಗ್ಗದಿದ್ದರೆ ಬೆಕ್ಕಿಗೆ, ಸಣ್ಣ ನಾಯಿಗೆ ಎಳೆಮಗುವಿನ ಹತ್ತಿ ಬನಿಯನ್ ತೊಡಿಸಬಹುದು. ದಿನಕ್ಕೆರಡು ಬಾರಿ ಒಂದೇ ಜಾಗದಲ್ಲಿ ಮಲಗಿಸಿ ಗಾಯದ ಫೋಟೋ ತೆಗೆದಿಡಿ. ಊತ ನಿನ್ನೆಗಿಂತ ಹೆಚ್ಚಿದೆಯೋ ಇಳಿದಿದೆಯೋ ಎಂಬುದು ನೆನಪಿಗಿಂತ ಫೋಟೋದಲ್ಲಿ ಚೆನ್ನಾಗಿ ತಿಳಿಯುತ್ತದೆ, ವೈದ್ಯರಿಗೆ ಕಳಿಸಲೂ ಅನುಕೂಲ. ಕೀವು, ದುರ್ವಾಸನೆ, ಬಿಸಿಯಾದ ಊತ, ಒಂದು ದಿನಕ್ಕಿಂತ ಹೆಚ್ಚು ಊಟ ಬಿಡುವುದು, ಹೊಲಿಗೆ ಬಿಟ್ಟು ಒಳಗಿನದು ಕಾಣುವುದು, ಇವುಗಳಲ್ಲಿ ಯಾವುದಿದ್ದರೂ ಕೂಡಲೇ ಕರೆದೊಯ್ಯಿರಿ. ಗಂಡು ಬೆಕ್ಕಿನ ಗಾಯಕ್ಕೆ ಸಾಮಾನ್ಯವಾಗಿ ಹೊಲಿಗೆಯನ್ನೇ ಹಾಕುವುದಿಲ್ಲ, ಅದು ತಾನಾಗಿ ಕೂಡಿಕೊಳ್ಳುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ. ಬೆಕ್ಕಿನ ಮರಳಿನ ತಟ್ಟೆಯಲ್ಲಿ ಕೆಲವು ದಿನ ಮರಳಿನ ಬದಲು ಹರಿದ ಪತ್ರಿಕೆಯ ಚೂರುಗಳನ್ನು ಹಾಕಿದರೆ ಗಾಯಕ್ಕೆ ಕಸ ಅಂಟುವುದಿಲ್ಲ.

ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ಸ್ನಾನವಿಲ್ಲ, ಓಟ ಜಿಗಿತವಿಲ್ಲ, ನಾಯಿಗೆ ಹಗ್ಗ ಹಿಡಿದು ನಿಧಾನದ ನಡಿಗೆ ಮಾತ್ರ. ಮೂರನೆಯ ದಿನಕ್ಕೇ ಹುಷಾರಾಗಿ ಕುಣಿಯುವ ಎಳೆಯ ನಾಯಿಯನ್ನು ಹಿಡಿದಿಡುವುದೇ ಈ ಎರಡು ವಾರದ ನಿಜವಾದ ಕಷ್ಟ. ಗಂಡಿಗೆ ಆಪರೇಷನ್ ಆದೊಡನೆ ಬೀಜಶಕ್ತಿ ಹೋಗುವುದಿಲ್ಲ. ನಾಳದಲ್ಲಿ ಉಳಿದ ವೀರ್ಯದಿಂದ ಕೆಲವು ವಾರ ಗರ್ಭ ನಿಲ್ಲಬಹುದು. ಆಪರೇಷನ್ ಆಗದ ಹೆಣ್ಣಿನಿಂದ ಒಂದೂವರೆ ತಿಂಗಳು ದೂರವಿಡಿ.

ಮೈ ಬರುವುದೂ ನಮ್ಮ ಕೈಯಲ್ಲಿಯೇ ಇದೆ. ಆಪರೇಷನ್ ನಂತರ ದೇಹಕ್ಕೆ ಬೇಕಾದ ಆಹಾರ ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಗಾಯ ಮಾಗಿದ ಮೇಲೆ ಅನ್ನದ ಅಳತೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬುಗಳು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗಬೇಕು. ತಿಂಗಳಿಗೊಮ್ಮೆ ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆದು ಬರೆದಿಟ್ಟರೆ ಸಾಕು.

ಕೊನೆಯದಾಗಿ, ಆಸ್ಪತ್ರೆಯಿಂದ ಆಪರೇಷನ್ನಿನ ದಿನಾಂಕ, ತೆಗೆದ ಅಂಗಗಳು, ಕೊಟ್ಟ ಅರಿವಳಿಕೆ ಬರೆದ ಚೀಟಿಯನ್ನು ಕೇಳಿ ಪಡೆದು ಲಸಿಕೆಯ ಪುಸ್ತಕದೊಳಗೆ ಅಂಟಿಸಿ. ಹಗಲೆಲ್ಲ ಹೊರಗೆ ತಿರುಗುವ ಬೆಕ್ಕಾಗಿದ್ದರೆ, ಅರಿವಳಿಕೆಯಲ್ಲಿರುವಾಗಲೇ ಕಿವಿಯ ತುದಿಯನ್ನು ಚೂರು ಕತ್ತರಿಸಿ ಗುರುತು ಮಾಡಲು ಹೇಳಿ. ದಾರಿ ತಪ್ಪಿ ಬೇರೆಯವರ ಕೈಗೆ ಸಿಕ್ಕಿದ ಹೆಣ್ಣು ಬೆಕ್ಕಿಗೆ ಆಪರೇಷನ್ ಆಗಿದೆಯೋ ಇಲ್ಲವೋ ತಿಳಿಯದೆ ಮತ್ತೊಮ್ಮೆ ಹೊಟ್ಟೆ ಕೊಯ್ಯುವುದು ಆ ಒಂದು ಗುರುತಿನಿಂದ ತಪ್ಪುತ್ತದೆ.